ಹಳೆಯ ಡಿಸ್ಕಿನ ಒಂಬತ್ತು ಗಂಟೆ

ಡಿಸ್ಕು ಖಾಲಿಯಾಗಿತ್ತು.

ಪರದೆಯ ಮೇಲೆ ಒಂದು ಬಿಳಿ ಚೌಕ, ಅದರ ಮೂಲೆಯಲ್ಲಿ ಒಂದು ಸೊನ್ನೆ. ವಕೀಲರು ಕನ್ನಡಕ ತೆಗೆದು ಒರೆಸಿ ಮತ್ತೆ ಏರಿಸಿಕೊಂಡು ನೋಡಿದರು. ಸೊನ್ನೆ ಸೊನ್ನೆಯಾಗಿಯೇ ಇತ್ತು. ರಿಪೇರಿಯವನು ವೈರು ಕಿತ್ತು ಮತ್ತೆ ಸಿಕ್ಕಿಸಿದ. ಹಳೆಯ ಡಿಸ್ಕು ಮೇಜಿನ ಮೇಲೆ ಗುರ್ರೆಂದು ತಿರುಗಿತು, ಒಳಗೊಳಗೇ ಎರಡು ಸಲ ಟಿಕ್ ಎಂದಿತು, ಮತ್ತೆ ಅದೇ ಸೊನ್ನೆಯನ್ನು ತಂದು ಮುಂದಿಟ್ಟಿತು.

ದೊಡ್ಡಮ್ಮ ಕುರ್ಚಿಯಿಂದ ಅಲುಗಲಿಲ್ಲ. ಪೊಲೀಸ್ ಇಲಾಖೆಯ ಸಾಕ್ಷ್ಯದ ಉಗ್ರಾಣವನ್ನು ಮೂವತ್ತೊಂದು ವರ್ಷ ಕಾದವರು ಅವರು. ಅವರ ಕೈಯಿಂದ ಕೋರ್ಟಿಗೆ ಹೋದ ಸಾವಿರಾರು ಪೊಟ್ಟಣಗಳಲ್ಲಿ ಒಂದರ ಮೊಹರನ್ನೂ ಯಾವ ವಕೀಲರೂ ಪ್ರಶ್ನಿಸಿರಲಿಲ್ಲ. ನಿವೃತ್ತರಾದ ಮೇಲೂ ಜನ ಕಷ್ಟ ಹೊತ್ತು ಬಾಗಿಲಿಗೆ ಬಂದಾಗ ಇಲ್ಲವೆನ್ನಲು ಬಾರದೆ ಪತ್ತೇದಾರಿಕೆಗೆ ಇಳಿದಿದ್ದರು.

ಈ ಸಲ ಬಂದವಳು ಒಬ್ಬ ಎಂಜಿನಿಯರನ ಹೆಂಡತಿ. ಸಂಗೀತ ಶಾಲೆಯ ಮೇಲಂತಸ್ತು ಕುಸಿದು ಇಬ್ಬರು ಸತ್ತಿದ್ದರು, ಗಂಡ ಜೈಲಿನಲ್ಲಿದ್ದ. ನಡುಗಂಬವನ್ನು ತೆಗೆಯಬೇಡಿ ಎಂದು ತಾನು ಶಾಲೆಗೆ ಎಚ್ಚರಿಸಿ ಬರೆದಿದ್ದೆ ಎನ್ನುವುದೊಂದೇ ಅವನ ಮಾತು. ಶಾಲೆಯ ಕಡತದಿಂದ ಆ ಕಾಗದ ಆಗಲೇ ಮಾಯವಾಗಿತ್ತು. ಉಳಿದಿದ್ದುದು ಈ ಡಿಸ್ಕಿನೊಳಗಿನ ಪ್ರತಿ. ನಾಳೆ ಹನ್ನೊಂದು ಗಂಟೆಗೆ ಅದು ನ್ಯಾಯಾಧೀಶರ ಮುಂದೆ ಇರಬೇಕಾಗಿತ್ತು.

ವಕೀಲರು ಒಳ್ಳೆಯವರು, ಕೂಗಾಡಲಿಲ್ಲ. ಬರಿಗೈಯಲ್ಲಿ ಹೋದರೆ ಜಾಮೀನಿನ ಆಸೆ ಬಿಡಬೇಕು, ಮುಂದೆ ಹತ್ತು ವರ್ಷದ ಮಾತು ಎಂದಷ್ಟೇ ಹೇಳಿ, ಕೊಡೆ ಹುಡುಕಿಕೊಂಡು ಮೆಟ್ಟಿಲಿಳಿದು ಹೋದರು.

ಅಂಗಡಿಯಲ್ಲಿ ಇಬ್ಬರೇ ಉಳಿದರು.

ರಿಪೇರಿಯವನಿಗೆ ಬೀದಿಯವರು ಇಟ್ಟ ಹೆಸರು ಫ್ಯಾನು. ಗುಂಡಿ ಒತ್ತಿದರೆ ಸಾಕು, ಕರೆಂಟು ಹೋಗುವವರೆಗೆ ತಿರುಗುವ ಬಾಯಿ. ಇವತ್ತು ಅವನ ಬಾಯಿಗೂ ಕರೆಂಟು ಹೋಗಿತ್ತು. ದೊಡ್ಡಮ್ಮ ಅವನನ್ನೇ ನೋಡುತ್ತಿದ್ದರು, ಉಗ್ರಾಣದಲ್ಲಿ ಸುಳ್ಳು ರಸೀದಿ ತಂದವರನ್ನು ನೋಡುತ್ತಿದ್ದ ಹಾಗೆ.

ಅನುಮಾನ ಪಡಲು ಕಾರಣವಿತ್ತು. ಮೂರು ವಾರದ ಹಿಂದೆ ಎಂಜಿನಿಯರು ತನ್ನ ಕಂಪ್ಯೂಟರನ್ನು ಹೊತ್ತು ತಂದದ್ದು ಈ ಅಂಗಡಿಗೇ. ಬೆಳಿಗ್ಗೆ ಗುಂಡಿ ಒತ್ತಿ ಸ್ನಾನ ಮುಗಿಸಿ ಬಂದರೂ ಅದು ಎದ್ದಿರುವುದಿಲ್ಲ ಎಂದು ದೂರಿದ್ದ. ಫ್ಯಾನು ಅದಕ್ಕೊಂದು ಎಸ್‌ಎಸ್‌ಡಿ ಹಾಕಿಕೊಟ್ಟ. ಎರಡು ಬೆರಳಗಲದ ಪಟ್ಟಿ. ಒಳಗೆ ತಿರುಗುವ ತಟ್ಟೆಯಿಲ್ಲ, ಸದ್ದಿಲ್ಲ. ಗುಂಡಿಯಿಂದ ಕೈ ತೆಗೆಯುವಷ್ಟರಲ್ಲಿ ಕಂಪ್ಯೂಟರು ಎದ್ದು ನಿಂತಿತ್ತು. ಎಂಜಿನಿಯರು ಮಗುವಿನ ಹಾಗೆ ನಾಲ್ಕು ಸಲ ಆರಿಸಿ ನಾಲ್ಕು ಸಲ ಹಚ್ಚಿ ನೋಡಿದ್ದನಂತೆ.

ಆದರೆ ಆ ವೇಗದ ಹೊಸ ಡಿಸ್ಕಿನಲ್ಲಿ ಜಾಗ ಕಡಿಮೆ. ಕಂಪ್ಯೂಟರು ಏಳಲು ಬೇಕಾದ ಪ್ರೋಗ್ರಾಮುಗಳನ್ನಷ್ಟೇ ಅದಕ್ಕೆ ಸಾಗಿಸಿ, ಆರೇಳು ವರ್ಷದ ನಕ್ಷೆ, ಕಾಗದ ಪತ್ರ ಎಲ್ಲವನ್ನೂ ಫ್ಯಾನು ಹಳೆಯ ದೊಡ್ಡ ಡಿಸ್ಕಿನಲ್ಲೇ ಬಿಟ್ಟಿದ್ದ. ಹೊರಗಿನಿಂದ ಸಿಕ್ಕಿಸಿಕೊಳ್ಳಲು ಅದಕ್ಕೊಂದು ಡಬ್ಬಿ ತರಿಸಿ ಹಾಕಿ ಕೊಡುತ್ತೇನೆಂದು ಡ್ರಾಯರಿನಲ್ಲಿ ಇಟ್ಟುಕೊಂಡಿದ್ದ. ಡಬ್ಬಿ ಬರುವ ಮೊದಲೇ ಮೇಲಂತಸ್ತು ಬಿತ್ತು. ಪೊಲೀಸರು ಒಯ್ದದ್ದು ಹೊಸ ಡಿಸ್ಕಿನ ಕಂಪ್ಯೂಟರನ್ನು. ಅದರಲ್ಲಿ ಪತ್ರವಿರಲಿಲ್ಲ.

ಹಳೆಯದು ಡ್ರಾಯರಿನಲ್ಲೇ ಮಲಗಿದೆ ಎಂದು ಗುರುವಾರ ಕಂಡುಹಿಡಿದವರು ದೊಡ್ಡಮ್ಮ. ಅವತ್ತು ಒಂದೇ ನಿಮಿಷ ಸಿಕ್ಕಿಸಿ ನೋಡಿದ್ದರು. ಸಂಗೀತ ಶಾಲೆ ಎಂಬ ಹೆಸರಿನ ಫೋಲ್ಡರು ಇತ್ತು. ವಕೀಲರ ಎದುರಿಗೇ ತೆರೆಯೋಣವೆಂದು, ಕಂದು ಕಾಗದದಲ್ಲಿ ಸುತ್ತಿ, ಚೀಟಿ ಅಂಟಿಸಿ, ಸಹಿ ಹಾಕಿ, ಮನೆಯ ಬೀರುವಿನಲ್ಲಿ ಇಟ್ಟಿದ್ದರು.

“ಅವತ್ತು ಸಿಕ್ಕಿಸಿದಾಗ ನೀನೇನಾದ್ರೂ ಒತ್ತಿದ್ಯಾ?” ಎಂದು ಕೇಳಿದರು.

ಫ್ಯಾನು ಡಿಸ್ಕನ್ನು ತಿರುಗಿಸಿ ಅದರ ಬೆನ್ನು ತೋರಿಸಿದ. ಅಲ್ಲೊಂದು ಬಿಳಿ ಟೇಪು, ಟೇಪಿನ ಮೇಲೆ ನೀಲಿ ಪೆನ್ನಿನಲ್ಲಿ ಒಂದು ಅಂಕಿ. 18412.

ಅವನ ವಿವರಣೆ ಉದ್ದವಾಗಿತ್ತು, ಸಾರ ಇಷ್ಟು. ಇಂಥ ಪ್ರತಿಯೊಂದು ಡಿಸ್ಕೂ ತಾನು ಎಷ್ಟು ಗಂಟೆ ಓಡಿದೆ ಎಂಬುದನ್ನು ತನ್ನೊಳಗೇ ಎಣಿಸಿಡುತ್ತದೆ. ಅಳಿಸಿದರೂ ಆ ಎಣಿಕೆ ಹೋಗುವುದಿಲ್ಲ. ಹಿಂದೊಮ್ಮೆ ಯಾರೋ ಗಿರಾಕಿ, ನೀನು ನನ್ನ ಡಿಸ್ಕು ಬದಲಾಯಿಸಿ ಹಳೆಯದು ಕೊಟ್ಟೆ ಎಂದು ಬೀದಿಯಲ್ಲಿ ನಿಂತು ಮಾನ ಕಳೆದಿದ್ದ. ಅಂದಿನಿಂದ ಯಾರ ಡಿಸ್ಕು ಬಿಚ್ಚಿದರೂ ಗಂಟೆ ನೋಡಿ ಬೆನ್ನ ಮೇಲೆ ಬರೆಯುವುದು ಅವನ ಪದ್ಧತಿ. ಗುರುವಾರವೂ ನೋಡಿದ್ದ. ಅದೇ ಅಂಕಿ ಇತ್ತು.

“ಈಗ ನೋಡಿ ದೊಡ್ಡಮ್ಮ,” ಎಂದು ಪರದೆಯ ಒಂದು ಸಾಲಿನ ಮೇಲೆ ಬೆರಳಿಟ್ಟ.

18421.

“ಒಂಬತ್ತು ಗಂಟೆ ಜಾಸ್ತಿ ಓಡಿದೆ. ಇಷ್ಟು ದೊಡ್ಡ ಡಿಸ್ಕಿನ ಮೈಯೆಲ್ಲ ಸೊನ್ನೆ ಬರೆದು ಮುಗಿಸೋಕೆ ಸುಮಾರು ಅಷ್ಟೇ ಹೊತ್ತು ಬೇಕು. ಸುಮ್ಮನೆ ಅಳಿಸಿದ್ರೆ ನಾನು ಕೆದಕಿ ತೆಗೀತಿದ್ದೆ. ಇದು ಅಳಿಸಿದ್ದಲ್ಲ, ಉಜ್ಜಿದ್ದು. ಗೊತ್ತಿದ್ದವರು ಮಾಡಿರೋ ಕೆಲಸ.”

ಗುರುವಾರದಿಂದ ಅದು ನಿಮ್ಮ ಬೀರುವಿನಲ್ಲಿತ್ತಲ್ಲವೇ ಎಂದು ಅವನು ಕೇಳಲಿಲ್ಲ. ಕೇಳದೆ ಇದ್ದದ್ದಕ್ಕೆ ದೊಡ್ಡಮ್ಮ ಮನಸ್ಸಿನಲ್ಲೇ ಅವನಿಗೆ ಕೈಮುಗಿದರು.

ಪೊಟ್ಟಣದ ಕಾಗದ ಮೇಜಿನ ಮೇಲೆ ಬಿದ್ದಿತ್ತು. ಅರ್ಧ ಗಂಟೆಯ ಹಿಂದೆ ವಕೀಲರ ಎದುರು ಆ ಚೀಟಿಯನ್ನು ಕಣ್ಣಿಗೆ ಹತ್ತಿರ ಹಿಡಿದು, ಸಹಿ ನನ್ನದೇ, ಮೊಹರು ಒಡೆದಿಲ್ಲ ಎಂದು ಒಪ್ಪಿ, ಬ್ಲೇಡಿನಿಂದ ಅಂಚು ಕೊಯ್ದವರು ಅವರೇ. ಈಗ ಚೀಟಿಯನ್ನು ಎತ್ತಿ, ಮೇಲ್ಮೈಯನ್ನು ನೋಡದೆ, ತಿರುಗಿಸಿ ಅಂಟಿನ ಮಗ್ಗುಲನ್ನು ಕಿಟಕಿಯ ಬೆಳಕಿಗೆ ಹಿಡಿದರು.

ಅಂಟು ಬಿಳಿಯಾಗಿತ್ತು.

ಅವರ ಅಂಟು ಬಿಳಿಯಲ್ಲ. ಮೈದಾವನ್ನು ನೀರಲ್ಲಿ ಕದಡಿ, ಸಣ್ಣ ಉರಿಯಲ್ಲಿ ಕೈಬಿಡದೆ ತಿರುವಿ, ಇಳಿಸುವ ಮುನ್ನ ಚಿಟಿಕೆ ಮೈಲುತುತ್ತ ಹಾಕುವುದು ಅವರ ಪದ್ಧತಿ. ಹುಳ ಹಿಡಿಯಬಾರದೆಂದು ಪುಸ್ತಕ ಕಟ್ಟುವವರು ಹಾಕುವ ನೀಲಿ ಹರಳಿನ ಪುಡಿ ಅದು. ಒಣಗಿದ ಮೇಲೆ ಅಂಟಿನಲ್ಲಿ ತೆಳ್ಳಗೆ ನೀಲಿ ನಿಲ್ಲುತ್ತದೆ. ಗುರುವಾರ ಬೆಳಿಗ್ಗೆ ಆ ಪುಡಿಯ ಪೊಟ್ಟಣದ ತಳ ಕೆರೆದು ಕೊನೆಯ ಚಿಟಿಕೆಯನ್ನು ಹಾಕಿದ್ದರು. ಮನೆಗೆ ಮತ್ತೆ ತಂದಿರಲಿಲ್ಲ.

ಯಾರೋ ಮೊಹರು ಒಡೆದಿದ್ದರು. ಹೊಸ ಕಾಗದ ಸುತ್ತಿದ್ದರು, ಹೊಸ ಚೀಟಿ ಅಂಟಿಸಿದ್ದರು, ಅವರ ಸಹಿಯನ್ನು ಅವರೇ ಒಪ್ಪುವಷ್ಟು ಚೆನ್ನಾಗಿ ಹಾಕಿದ್ದರು. ಹೊರಗಿನವನಾಗಿದ್ದರೆ ಗೋಂದು ಹಚ್ಚಿ ಕೆಲಸ ಮುಗಿಸುತ್ತಿದ್ದ. ಇವನಿಗೆ ಗೋಂದು ಹಚ್ಚಲು ಮನಸ್ಸು ಬಂದಿಲ್ಲ. ಕಳ್ಳತನ ಮಾಡುವಾಗಲೂ ಒಲೆ ಹಚ್ಚಿ, ಮೈದಾ ಕದಡಿ, ಗಂಟಿಲ್ಲದಂತೆ ತಿರುವಿದ್ದಾನೆ. ಮೈಲುತುತ್ತ ಹುಡುಕಿದ್ದಾನೆ, ಸಿಕ್ಕಿಲ್ಲ.

ಹಾಗೆ ಅಂಟು ಕಾಯಿಸಲು ದೊಡ್ಡಮ್ಮ ಕಲಿಸಿದ್ದು ಈ ಲೋಕದಲ್ಲಿ ಒಬ್ಬನಿಗೆ ಮಾತ್ರ.

“ಅಮ್ಮಾ, ನೀರು ಕೊಡ್ಲಾ?” ಎಂದ ಫ್ಯಾನು.

ಬೇಡವೆಂದು ತಲೆಯಾಡಿಸಿ, ಕಾಗದ ಚೀಟಿಗಳನ್ನು ಮಡಿಸಿ ಕೈಚೀಲದಲ್ಲಿಟ್ಟುಕೊಂಡರು. ಡಿಸ್ಕನ್ನು ಅವನ ಬಳಿಯೇ ಬಿಟ್ಟು, ಮಟಮಟ ಮಧ್ಯಾಹ್ನದ ಬೀದಿಗೆ ಇಳಿದರು.

ಅಂಗಡಿಯಿಂದ ಮನೆಗೆ ಏಳು ನಿಮಿಷದ ದಾರಿ. ಕೀಲಿ ಮಾಡುವವನ ಅಂಗಡಿ, ಬಟ್ಟೆ ಒಗೆಯುವವರ ಅಂಗಡಿ, ಮೂಲೆಯ ಔಷಧದ ಅಂಗಡಿ. ದೊಡ್ಡಮ್ಮನಿಗೆ ಯಾವುದೂ ಕಾಣಲಿಲ್ಲ. ಕಂಡದ್ದು ಭಾನುವಾರ ಸಂಜೆ.

ಭಾನುವಾರ ಅವರು ಎಂಜಿನಿಯರನನ್ನು ನೋಡಲು ಜೈಲಿಗೆ ಹೋಗಿದ್ದರು. ಬೆಳಿಗ್ಗೆ ಆರರ ಬಸ್ಸಿಗೆ ಟಿಕೆಟು ತಂದುಕೊಟ್ಟವನು ಅವರ ಮನೆಯಲ್ಲೇ ಇರುವ ತಮ್ಮ. ಭಾನುವಾರವೇ ಹೋಗಿ ಬಾ ಅಕ್ಕ, ಮನೆ ನಾನು ನೋಡಿಕೊಳ್ಳುತ್ತೇನೆ ಎಂದು ಒತ್ತಾಯ ಮಾಡಿದವನೂ ಅವನೇ. ಜೈಲಿನ ಜಾಲರಿಯಾಚೆ ಎಂಜಿನಿಯರು ಅವರ ಮುಖ ನೋಡದೆ ಒಂದು ಮಾತು ಹೇಳಿದ್ದ. ಆ ಡಿಸ್ಕನ್ನು ತೆರೆಯುವಾಗ ನೀವು ಕೂತುಕೊಂಡಿರಿ ಅಮ್ಮ.

ಸಂಜೆ ಐದಕ್ಕೆ ಮನೆಗೆ ಬಂದಾಗ ಗಂಡನ ಕೋಣೆಯ ಬಾಗಿಲು ತೆರೆದಿತ್ತು. ಯಜಮಾನರು ತೀರಿಕೊಂಡು ವರ್ಷವಾಗುತ್ತ ಬಂದರೂ ಅವರ ಕಂಪ್ಯೂಟರನ್ನು ಯಾರೂ ಮುಟ್ಟಿರಲಿಲ್ಲ. ಅವತ್ತು ಅದರ ಮೈ ಮುಟ್ಟಿದರೆ ಬೆಚ್ಚಗಿತ್ತು. ತಮ್ಮ ಕಣ್ಣು ಕೆಂಪು ಮಾಡಿಕೊಂಡು ಕೂತಿದ್ದ. ಭಾವನ ಫೋಟೋ ನೋಡುತ್ತ ಕೂತವನಿಗೆ ಹೊತ್ತು ಹೋದದ್ದೇ ತಿಳಿಯಲಿಲ್ಲ ಅಕ್ಕ ಎಂದಿದ್ದ.

ದೊಡ್ಡಮ್ಮ ಆಗ ಅವನ ತಲೆಯ ಮೇಲೆ ಕೈಯಿಟ್ಟು ಅತ್ತಿದ್ದರು. ತನ್ನ ದುಃಖಕ್ಕೆ ಈ ಮನೆಯಲ್ಲಿ ಇನ್ನೊಬ್ಬ ಪಾಲುದಾರನಿದ್ದಾನಲ್ಲ ಎಂದು ಅಲ್ಲೇ ನಿಂತು ಭಗವಂತನಿಗೆ ಕೃತಜ್ಞತೆಯನ್ನೂ ಹೇಳಿದ್ದರು. ಆ ಬೆಚ್ಚಗಿನ ಕಂಪ್ಯೂಟರಿನ ಮೇಲೆ ಕೈಯಿಟ್ಟುಕೊಂಡೇ.

ಮನೆಯ ದೀಪವೆಂದು ಮುತ್ತಿಟ್ಟರೆ ಮೀಸೆ ಸುಡದೆ ಬಿಡುವುದಿಲ್ಲ ಎಂಬ ಗಾದೆಯನ್ನು ಅವರ ಅಪ್ಪ ಹೇಳುತ್ತಿದ್ದ. ಅವರಿಗೆ ಮೀಸೆಯಿರಲಿಲ್ಲ, ಸುಟ್ಟದ್ದು ಎದೆ.

ತಮ್ಮನೇ ಬಾಗಿಲು ತೆರೆದ. ಅಕ್ಕ ಒಳಗೆ ಬಂದ ಮೇಲೆ ಅಗುಳಿಯನ್ನು ಎಳೆದು ಹಾಕಿದ. ಗಾಳಿಗೆ ಬಡಿದುಕೊಳ್ಳುತ್ತದೆ ಎಂದ. ಐವತ್ತಾರು ವರ್ಷದ ಗಂಡಸು, ಅಕ್ಕನ ಬಾಯಲ್ಲಿ ಇನ್ನೂ ಪುಟ್ಟ. ತಾಯಿ ಹೋದಾಗ ಅವನಿಗೆ ಮೂರು, ಇವರಿಗೆ ಹನ್ನೊಂದು. ಸೊಂಟದ ಮೇಲೆ ಹೊತ್ತು ಬೆಳೆಸಿದರು. ಉಗ್ರಾಣದಲ್ಲಿ ಹದಿನೆಂಟು ವರ್ಷ ತಮ್ಮ ಪಕ್ಕದ ಮೇಜಿನಲ್ಲೇ ಗುಮಾಸ್ತನನ್ನಾಗಿ ಕೂರಿಸಿಕೊಂಡು ಕೆಲಸ ಕಲಿಸಿದರು.

ದೊಡ್ಡಮ್ಮ ಅಡುಗೆಮನೆಯ ಮೇಜಿನ ಮುಂದೆ ಕೂತು, ಕೈಚೀಲದಿಂದ ಕಾಗದ ತೆಗೆದು ಹರಡಿದರು. ಚೀಟಿಯನ್ನು ಅಂಟಿನ ಮಗ್ಗುಲು ಮೇಲಾಗಿ ಇಟ್ಟರು. ತಮ್ಮ ಟೀಗೆ ನೀರಿಡುತ್ತಿದ್ದ. ಬೆನ್ನು ತಿರುಗಿಸಿದ್ದವನು ಹೊರಳಿ ನೋಡಿದ, ಮತ್ತೆ ಒಲೆಯ ಕಡೆಗೆ ತಿರುಗಿದ.

“ಮೈಲುತುತ್ತ ಎಲ್ಲಿ ಹುಡುಕಿದೆ ಪುಟ್ಟ?” ಎಂದರು. “ಮೇಲಿನ ಡಬ್ಬೀಲಾ, ಕೆಳಗಿನದರಲ್ಲಾ?”

ನೀರು ಕುದಿಯಿತು. ಅವನು ಉರಿ ಆರಿಸಿದ. ಟೀ ಪುಡಿ ಹಾಕಲಿಲ್ಲ.

“ಎರಡರಲ್ಲೂ,” ಎಂದ.

ಅಷ್ಟು ಸುಲಭವಾಗಿ ಒಪ್ಪುತ್ತಾನೆಂದು ದೊಡ್ಡಮ್ಮ ಎಣಿಸಿರಲಿಲ್ಲ. ದಾರಿಯುದ್ದಕ್ಕೂ ಅವರೊಳಗಿನ ಒಂದು ಮೂಲೆ, ಇವನು ಸಿಟ್ಟಾಗಲಿ, ಜಗಳವಾಡಲಿ, ನನ್ನ ಅನುಮಾನಕ್ಕೆ ನನಗೇ ನಾಚಿಕೆಯಾಗುವ ಹಾಗೆ ಏನಾದರೂ ಹೇಳಲಿ ಎಂದು ಬೇಡಿಕೊಳ್ಳುತ್ತಿತ್ತು. ಆ ಮೂಲೆಯ ದೀಪ ಆರಿತು.

“ಜೈಲಲ್ಲಿ ಒಬ್ಬ ಕೊಳೀತಾ ಇದ್ದಾನೆ. ಅವನ ಹೆಂಡತಿ ದಿನಾ ಬಂದು ಇದೇ ಕುರ್ಚೀಲಿ ಕೂತು ಹೋಗ್ತಾಳೆ. ನೀನೇ ಟೀ ಮಾಡಿ ಕೊಡ್ತಿದ್ದೆ ಅವಳಿಗೆ.”

“ಹೌದು.”

“ಸಕ್ಕರೆ ಎಷ್ಟು ಅಂತ ಬೇರೆ ಕೇಳ್ತಿದ್ದೆ.”

ತಮ್ಮ ಎದುರಿನ ಕುರ್ಚಿ ಎಳೆದು ಕೂತ. ಇನ್ನು ಮುಚ್ಚಿಟ್ಟು ಫಲವಿಲ್ಲವೆಂದು ನಿಧಾನವಾಗಿ ಹೇಳತೊಡಗಿದ. ಡಿಸ್ಕನ್ನು ಮೊದಲು ಓದಿದ್ದು ನಿಜ, ಆಮೇಲೆ ಉಜ್ಜಿದ್ದು ನಿಜ. ಎಂಜಿನಿಯರನ ಎಚ್ಚರಿಕೆಯ ಪತ್ರ ಅದರಲ್ಲಿತ್ತು. ಆದರೆ ಅದರ ಜೊತೆಗೆ, ಶಾಲೆಯವರು ಅದನ್ನು ನಗರಸಭೆಗೆ ಕಳಿಸಿ ತರಿಸಿಕೊಂಡ ಉತ್ತರವೂ ಇತ್ತು. ಕಂಬ ತೆಗೆಯಬಹುದು, ನಾನು ಪರಿಶೀಲಿಸಿದ್ದೇನೆ, ಭಯವಿಲ್ಲ ಎಂದು ಕಟ್ಟಡ ಪರಿವೀಕ್ಷಕರು ಕೊಟ್ಟ ಒಪ್ಪಿಗೆ.

ನಗರಸಭೆಯ ಕಟ್ಟಡ ಪರಿವೀಕ್ಷಕರೆಂದರೆ ದೊಡ್ಡಮ್ಮನ ಗಂಡ.

“ಭಾವನ ಸಹಿ ಅಕ್ಕ. ನಾನೇ ಕಣ್ಣಾರೆ ನೋಡಿದೆ. ಆ ಪತ್ರ ಕೋರ್ಟಿಗೆ ಹೋಗಿದ್ರೆ ಎಂಜಿನಿಯರು ಹೊರಗೆ ಬರ್ತಿದ್ದ, ಭಾವನ ಹೆಸರು ಬೀದಿಗೆ ಬೀಳ್ತಿತ್ತು. ಇಬ್ಬರ ಸಾವು ಅವರ ತಲೆ ಮೇಲೆ. ಸತ್ತವರು ಎದ್ದು ಬಂದು ಉತ್ತರ ಕೊಡ್ತಾರಾ? ನಿನ್ನ ಮುಖ ನೋಡಿ ಮಾಡಿದೆ. ನಿನಗೆ ಹೇಳೋ ಧೈರ್ಯ ಬರಲಿಲ್ಲ.”

ಕೂತುಕೊಂಡಿರಿ ಅಮ್ಮ ಎಂದು ಎಂಜಿನಿಯರು ಏಕೆ ಹೇಳಿದ್ದನೆಂದು ಈಗ ತಿಳಿಯಿತು. ತನ್ನನ್ನು ಬಿಡಿಸಲು ಓಡಾಡುತ್ತಿರುವ ಮುದುಕಿಯ ಗಂಡನ ಹೆಸರನ್ನು ಆ ಬಡಪಾಯಿ ಬಾಯಿ ಬಿಟ್ಟು ಹೇಳಲಾರದೆ ಹೋಗಿದ್ದ.

ದೊಡ್ಡಮ್ಮನ ಕಣ್ಣು ಕಿಟಕಿಯ ಪಕ್ಕದ ಗೂಡಿಗೆ ಹೋಯಿತು. ಅಲ್ಲಿ ಯಜಮಾನರ ಕನ್ನಡಕ ಮಡಿಸಿಟ್ಟಿತ್ತು. ದಿನವೂ ಧೂಳು ಒರೆಸುತ್ತಿದ್ದರು. ಹೊಸ ಮನೆ ಕಟ್ಟಿದವರು ಸಂತೋಷಕ್ಕೆ ಕೊಟ್ಟ ಸಿಹಿಯ ಡಬ್ಬವನ್ನೂ ಬಾಗಿಲಿನಿಂದ ಆಚೆಗೇ ಹಿಂದಕ್ಕೆ ಕಳಿಸುತ್ತಿದ್ದ ಮನುಷ್ಯ. ಆ ನಂಬಿಕೆಗೇ ನಿವೃತ್ತಿಯಾದ ಮೇಲೂ ನಗರಸಭೆ ಅವರನ್ನು ಕೆಲಸದಲ್ಲಿ ಉಳಿಸಿಕೊಂಡಿತ್ತು. ಅಂಥವರು ನೋಡದೆ ಸಹಿ ಹಾಕಿದರೇ? ನಲವತ್ತು ವರ್ಷ ಪಕ್ಕದಲ್ಲಿ ಮಲಗಿದವರ ಬಗ್ಗೆ ತನಗೆ ತಿಳಿದಿದ್ದುದು ಇಷ್ಟೇನೇ? ಬೇಲಿಯೇ ಎದ್ದು ಹೊಲ ಮೇಯ್ದಿತು ಎಂದುಕೊಂಡು ಬಂದಿದ್ದರು. ಈಗ ನೋಡಿದರೆ ಹೊಲವೂ ತನ್ನದಲ್ಲವೇನೋ ಎನಿಸಿತು.

ತಮ್ಮ ಅವರ ಕೈಯ ಮೇಲೆ ಕೈಯಿಟ್ಟ. ಎಂಜಿನಿಯರನಿಗೆ ಬೇರೆ ಒಳ್ಳೆಯ ವಕೀಲರನ್ನು ನೋಡೋಣ, ಏನಾದರೂ ಮಾಡೋಣ, ಇದೊಂದನ್ನು ಇಲ್ಲಿಗೇ ಬಿಟ್ಟುಬಿಡು ಎಂದ. ದನಿಯಲ್ಲಿ ಅಷ್ಟು ಪ್ರೀತಿಯಿತ್ತು.

ಕೈ ಎಳೆದುಕೊಳ್ಳಲು ದೊಡ್ಡಮ್ಮನಿಗೆ ಶಕ್ತಿಯಿರಲಿಲ್ಲ. ಆದರೆ ಮೂವತ್ತೊಂದು ವರ್ಷದ ಉಗ್ರಾಣದ ಅಭ್ಯಾಸ ಕೆಟ್ಟದ್ದು. ಅದಕ್ಕೆ ಅಳು ಗೊತ್ತಿಲ್ಲ. ಯಾವ ಕಾಗದ ಬಂದರೂ ಅದು ಮೊದಲು ಕೇಳುವುದು ಒಂದೇ ಪ್ರಶ್ನೆ.

“ತಾರೀಖು ಎಷ್ಟಿತ್ತು?”

“ಯಾವುದರ ತಾರೀಖು?”

“ನಿಮ್ಮ ಭಾವನ ಪತ್ರದ್ದು.”

“ಕಳೆದ ವರ್ಷ ಜೂನ್ ಹದಿನೆಂಟು,” ಎಂದ ತಮ್ಮ ತಡವಿಲ್ಲದೆ. “ಸಹಿ ಕೆಳಗೆ ಭಾವನೇ ಬರೆದಿದ್ರು. ಅವರ ಎಂಟು ನಿನಗೆ ಗೊತ್ತಲ್ಲ, ಬಾಲ ಉದ್ದ.”

ದೊಡ್ಡಮ್ಮ ಅವನ ಕೈಯಡಿಯಿಂದ ತಮ್ಮ ಕೈಯನ್ನು ಎಳೆದುಕೊಂಡರು.

ಜೂನ್ ಒಂಬತ್ತರ ಬೆಳಿಗ್ಗೆ ಯಜಮಾನರು ಬಚ್ಚಲುಮನೆಯಲ್ಲಿ ಬಿದ್ದಿದ್ದರು. ಬಲಗಡೆಯ ಮೈ ಪೂರ್ತಿ ಹೋಗಿತ್ತು. ಆಮೇಲಿನ ನಲವತ್ತು ದಿನ ಆ ಬಲಗೈಯನ್ನು ದಿನಕ್ಕೆ ಮೂರು ಸಲ ಬೆಚ್ಚಗಿನ ಬಟ್ಟೆಯಲ್ಲಿ ಒರೆಸಿ, ಬೆರಳನ್ನು ಒಂದೊಂದಾಗಿ ಬಿಡಿಸಿ, ಮತ್ತೆ ದಿಂಬಿನ ಮೇಲೆ ಇಡುತ್ತಿದ್ದವರು ಅವರೇ. ಚಮಚ ಹಿಡಿಯಲಾರದ ಕೈ. ಕೊನೆಗೆ ಒಂದು ಮಾತು ಬರೆದು ತಿಳಿಸಲು ಎಡಗೈಯಲ್ಲಿ ಪೆನ್ಸಿಲು ಹಿಡಿದು, ಮಗುವಿನ ಗೀಟಿನಂಥ ಗೀಟು ಎಳೆದು, ಆಗದೆ ಕಣ್ಣೀರು ಹಾಕಿದ್ದರು.

ಜೂನ್ ಹದಿನೆಂಟರಂದು ಆ ಕೈ ಯಾವ ಕಾಗದಕ್ಕೂ ಸಹಿ ಹಾಕಿರಲಿಲ್ಲ.

ಆ ದಿನಗಳಲ್ಲಿ ಯಜಮಾನರ ಕಚೇರಿಯ ಚೀಲವನ್ನು ಹೊತ್ತು ಓಡಾಡಿದವನು ಯಾರು? ರಜೆಯ ಅರ್ಜಿ ನಾನೇ ಒಯ್ದು ಕೊಡುತ್ತೇನೆ, ನೀನು ಭಾವನ ಹತ್ತಿರ ಇರು ಅಕ್ಕ ಎಂದು ದಿನವೂ ಹೋಗಿ ಬರುತ್ತಿದ್ದವನು ಯಾರು? ಅರ್ಜಿ ಎರಡು ವಾರ ತಡವಾಗಿ ತಲುಪಿತೆಂದು ಕಚೇರಿಯವರು ಆಮೇಲೆ ಆಕ್ಷೇಪಿಸಿದ್ದರು. ದುಃಖದ ನಡುವೆ ಅದನ್ನು ಯಾರೂ ತಲೆಗೆ ಹಚ್ಚಿಕೊಂಡಿರಲಿಲ್ಲ. ಆ ಎರಡು ವಾರ ಕಚೇರಿಯ ಲೆಕ್ಕದಲ್ಲಿ ಯಜಮಾನರು ಕೆಲಸದಲ್ಲೇ ಇದ್ದರು.

ದೊಡ್ಡಮ್ಮ ಬೆರಳ ತುದಿಯಿಂದ ಮೇಜಿನ ಮೇಲಿನ ಚೀಟಿಯನ್ನು ಮಗುಚಿದರು. ಸಹಿ ಮೇಲೆ ಬಂತು. ಮೊದಲಕ್ಷರದ ಕೊಕ್ಕೆ, ನಡುವಿನ ಸಣ್ಣ ನಡುಕ, ಕೊನೆಯಲ್ಲಿ ಎಡಕ್ಕೆ ತಿರುಗುವ ಗೆರೆ. ನಡುಕ ಕೂಡ ಅವರದೇ. ವಕೀಲರ ಎದುರು ನನ್ನದೇ ಎಂದು ಅವರ ಬಾಯಿಂದಲೇ ಒಪ್ಪಿಸಿಕೊಂಡ ಸಹಿ.

ಇಷ್ಟು ಚೆನ್ನಾಗಿ ಇನ್ನೊಬ್ಬರ ಕೈಯನ್ನು ಬರೆಯುವ ಕೈ, ಇದೇ ಮೊದಲ ಸಲ ಬರೆದದ್ದಲ್ಲ. ಯಜಮಾನರು ಸಿಹಿಯ ಡಬ್ಬಕ್ಕೂ ಮಾರದ ಸಹಿಯನ್ನು ಅದು ಶಾಲೆಯವರಿಗೆ ಮಾರಿತ್ತು.

ಪತ್ರ ಸೊನ್ನೆಯಾಗಿತ್ತು. ಶಾಲೆಯ ಕಡತ ಬರಿದಾಗಿತ್ತು. ಆ ಕೈಯ ಗುರುತು ಎಂದು ಈಗ ಉಳಿದಿದ್ದುದು ಅಂಗೈಯುದ್ದದ ಈ ಚೀಟಿ ಒಂದೇ. ದೊಡ್ಡಮ್ಮ ಅದರ ಮೇಲೆ ಅಂಗೈಯನ್ನು ಒತ್ತಿಟ್ಟರು. ಇಟ್ಟ ಮೇಲೆ ತಲೆಯೆತ್ತಿದರು. ತಮ್ಮ ಅವರ ಮುಖವನ್ನಲ್ಲ, ಅವರ ಕೈಯನ್ನು ನೋಡುತ್ತಿದ್ದ. ಅವನ ತುಟಿ ಮೆಲ್ಲಗೆ ಅಲುಗುತ್ತಿತ್ತು. ಹದಿನೆಂಟರಿಂದ ಹಿಂದಕ್ಕೆ ಒಂಬತ್ತಕ್ಕೆ ಅವನೂ ಎಣಿಸಿ ಮುಗಿಸಿದ್ದ.

ಅವನು ಎದ್ದು ಮೇಜನ್ನು ಬಳಸಿ ಬಂದು ಬಾಗಿಲಿಗೂ ಅಕ್ಕನಿಗೂ ನಡುವೆ ನಿಂತ. ಅಗುಳಿ ಹಾಕಿದಾಗ ಗಾಳಿ ಬೀಸುತ್ತಲೇ ಇರಲಿಲ್ಲ ಎಂಬುದು ದೊಡ್ಡಮ್ಮನಿಗೆ ಆಗ ಹೊಳೆಯಿತು.

ಚಿಕ್ಕವನಿದ್ದಾಗ ಏನು ಬೇಕಾದರೂ ಅಂಗೈ ಮೇಲೆ ಮಾಡಿ ಚಾಚುತ್ತಿದ್ದ, ಮಾತು ಆಮೇಲೆ. ಈಗಲೂ ಹಾಗೆಯೇ ಚಾಚಿದ.

“ಅಕ್ಕ,” ಎಂದ, ಮೂರು ವರ್ಷದವನ ಅದೇ ದನಿಯಲ್ಲಿ, “ಆ ಚೀಟಿ ಕೊಟ್ಟುಬಿಡು.”